ತರೀಕೆರೆ ಸೀಮೆಯಲ್ಲಿ ‘ಪೀಸ್’ ಗುಲಾಬಿಯ ಕಸಿ

ಶಾಂತಿಯ ಗುರುತಾಗಿ ದೇಶದೇಶಗಳಿಗೆ ಕೊಟ್ಟ ಗುಲಾಬಿಗಳಲ್ಲಿ ದೊಡ್ಡ ಹೆಸರು ‘ಪೀಸ್’ ತಳಿಯದು. ಅಂಗೈ ತುಂಬುವ ಹೂ, ತಿಳಿಹಳದಿ ಎಸಳು, ಅಂಚಿಗೆ ನಸುಗೆಂಪು. ಫ್ರಾನ್ಸಿನ ಫ್ರಾನ್ಸಿಸ್ ಮೆಯಾನ್ 1935ರಲ್ಲಿ ಮಾಡಿದ ಮಿಶ್ರತಳಿಯಿಂದ ಹುಟ್ಟಿದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಅದರ ಕಸಿಕಡ್ಡಿಗಳು ಜರ್ಮನಿ, ಇಟಲಿ, ಅಮೆರಿಕ ಸೇರಿದವು. ಆಮೇಲೆ ಸಂಪರ್ಕ ಕಡಿದುಹೋಯಿತು. ಒಂದೇ ಗಿಡ ಜರ್ಮನಿಯಲ್ಲಿ ‘ಗ್ಲೋರಿಯಾ ಡೇಯಿ’, ಇಟಲಿಯಲ್ಲಿ ‘ಜೋಯಿಯಾ’ ಆಯಿತು. ಫ್ರಾನ್ಸಿನಲ್ಲಿ ಮೆಯಾನ್ ತಾಯಿಯ ಹೆಸರು ಪಡೆಯಿತು.

ಅಮೆರಿಕದವರು ‘ಪೀಸ್’ ಎಂದು ನಾಮಕರಣ ಮಾಡಿದ್ದು 1945ರ ಏಪ್ರಿಲ್ 29ರಂದು. ಅಂದೇ ಬರ್ಲಿನ್ ಬಿತ್ತು ಎಂದು ಹೂವಿನ ಪುಸ್ತಕಗಳು ಸೊಗಸಾಗಿ ಹೇಳುತ್ತವೆ. ನಿಜವಾಗಿ ಬರ್ಲಿನ್ ಶರಣಾದದ್ದು ಮೇ 2ಕ್ಕೆ. ಆದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆ ಕಟ್ಟಲು ಸೇರಿದ್ದ ನಿಯೋಗಗಳ ಮುಖ್ಯಸ್ಥರಿಗೆ ಈ ಹೂವನ್ನು ಒಂದೊಂದು ಕೊಟ್ಟದ್ದು ನಿಜ. ಭಾರತದ ನಿಯೋಗದ ಮುಂದಾಳು ಸರ್ ಎ. ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಅವರೇ ಮೈಸೂರಿನ ದಿವಾನರಾದರು. ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಆಗ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯ ಊರುಗಳು.

ಕೊಯ್ದ ಹೂ ಬಾಡುತ್ತದೆ. ಬೀಜ ಬಿತ್ತಿದರೆ ತಾಯಿಯಂಥ ಗಿಡವೇ ಬರುವುದಿಲ್ಲ. ಗಡಿ ದಾಟಿ ಬೆಳೆದದ್ದು ಕಣ್ಣು, ಅಂದರೆ ಎಲೆತೊಟ್ಟಿನ ಬುಡದ ಸಣ್ಣ ಮೊಗ್ಗು. ಜಗತ್ತಿನ ‘ಪೀಸ್’ ಗಿಡಗಳೆಲ್ಲ ಮೆಯಾನ್‌ರ ಆ ಒಂದೇ ಗಿಡದ ಕಣ್ಣುಗಳಿಂದ ಬಂದವು.

ನಮ್ಮ ಕಡೆ ಕಣ್ಣು ಕಸಿಗೆ ದೀಪಾವಳಿ ಕಳೆದು ಶಿವರಾತ್ರಿಯೊಳಗಿನ ಕಾಲ ಒಳ್ಳೆಯದು. ಬೇರು ಬಿಟ್ಟ, ಪೆನ್ಸಿಲ್ ದಪ್ಪದ ನಾಟಿ ಗುಲಾಬಿ ಗಿಡ ಬೇಕು. ಹಿಂದಿನ ದಿನ ನೀರುಣಿಸಿದರೆ ತೊಗಟೆ ಸಲೀಸಾಗಿ ಬಿಡುತ್ತದೆ. ನೆಲಕ್ಕೆ ಹತ್ತಿರ, ಇಂಗ್ಲಿಷಿನ ‘ಟಿ’ ಅಕ್ಷರದಂತೆ ತೊಗಟೆಯನ್ನಷ್ಟೇ ಸೀಳಿ. ಹೂ ಮುಗಿಸಿದ ‘ಪೀಸ್’ ಕಡ್ಡಿಯಿಂದ ಕಣ್ಣನ್ನು ತೊಗಟೆಸಮೇತ ತೆಳ್ಳಗೆ ಎಬ್ಬಿಸಿ, ಎಲೆ ಕತ್ತರಿಸಿ ತೊಟ್ಟು ಮಾತ್ರ ಉಳಿಸಿ. ಹಿಡಿಯಲು ಅದೇ ಹಿಡಿ. ಕಣ್ಣು ಮೇಲ್ಮುಖವಾಗಿರಲಿ. ಒಳಗೆ ಜಾರಿಸಿ, ಕಣ್ಣು ಮುಚ್ಚದಂತೆ ಪಾಲಿಥಿನ್ ಪಟ್ಟಿ ಸುತ್ತಿ. ಎರಡು ಮೂರು ವಾರದಲ್ಲಿ ತೊಟ್ಟು ಮುಟ್ಟಿದರೆ ಉದುರಿ, ಕಣ್ಣು ಹಸಿರಾಗಿದ್ದರೆ ಕಸಿ ಹಿಡಿದಿದೆ. ತೊಟ್ಟು ಕರಿಕಾಗಿ ಅಂಟಿಕೊಂಡಿದ್ದರೆ ಕೆಟ್ಟಿತೆಂದೇ ಲೆಕ್ಕ. ಇನ್ನೊಂದು ಬದಿಯಲ್ಲಿ ಮತ್ತೆ ಹಾಕಿ. ಚಿಗುರು ಬಲಿತ ಮೇಲೆ ಮೇಲಿನ ನಾಟಿ ಕೊಂಬೆ ಕತ್ತರಿಸಿ. ಕಸಿಯ ಕೆಳಗಿಂದ ಬರುವ ಚಿಗುರನ್ನು ಬುಡದಿಂದಲೇ ಕಿತ್ತುಹಾಕಬೇಕು. ಬಿಟ್ಟರೆ ‘ಪೀಸ್’ ಸೊರಗಿ ನಾಟಿಯೇ ಉಳಿಯುತ್ತದೆ.

ಅಜ್ಜಂಪುರದ ಎರೆಮಣ್ಣಿನಲ್ಲಿ ನೀರು ನಿಲ್ಲುತ್ತದೆ. ಏರುಮಡಿ ಮಾಡದೆ ನೆಡಬೇಡಿ. ತರೀಕೆರೆಯವರು ಅಡಿಕೆ ತೋಟದ ನೆರಳಿಗೆ ಹಾಕಿದರೆ ಎಲೆಗೆ ಕಪ್ಪುಚುಕ್ಕಿ ರೋಗ ಬರುತ್ತದೆ, ಈ ತಳಿಗೆ ಅದು ಬೇಗ. ಕಡೂರಿನ ಬಿಸಿಲಿಗೆ ಬಣ್ಣ ಪೇಲವವಾಗುತ್ತದೆ. ಅಂಚಿನ ಕೆಂಪು ಚೆನ್ನಾಗಿ ಏರಬೇಕಾದರೆ ಕೆಮ್ಮಣ್ಣುಗುಂಡಿಯಂಥ ತಂಪು ಬೇಕು.

ವಿದೇಶದಿಂದ ಬರುವ ಮಗಳ ಸೂಟ್‌ಕೇಸಿನಲ್ಲಿ ಕಡ್ಡಿ ತರಿಸುವ ಯೋಚನೆ ಬೇಡ. 2003ರ ಸಸ್ಯ ಸಂಗರೋಧ (ಪ್ಲಾಂಟ್ ಕ್ವಾರಂಟೈನ್) ಆದೇಶದಂತೆ ಆಮದು ಪರವಾನಗಿ, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಅದರ ಬದಲು ನಂಬಿಕೆಯ ನರ್ಸರಿಯಲ್ಲಿ ಕೇಳಿ, ಗಿಡದಲ್ಲಿ ಹೂವಿದ್ದಾಗಲೇ ನೋಡಿ ಕೊಳ್ಳಿ; ಹಳದಿ ಗುಲಾಬಿಗೆಲ್ಲ ‘ಪೀಸ್’ ಚೀಟಿ ಕಟ್ಟುವವರೂ ಇದ್ದಾರೆ.