ಗಾಡಿ ಜರ್ಕ್ ಹೊಡೀತಿದ್ಯಾ? ಸೆನ್ಸರ್ ಬದಲಿಸುವ ಮೊದಲು ಮೀಟರ್ ಹಿಡಿದು ನೋಡಿ

ಈ ವಾರ ಬೆಳೆ ವಿಷಯ ಅಲ್ಲ, ಬೆಳೆ ಸಾಗಿಸೋ ಗಾಡಿ ವಿಷಯ. ಬೆಳೆದಿದ್ದು ಗ್ರಾಹಕರ ಮನೆ ತಲುಪದಿದ್ರೆ ಬೆಳೆದೂ ಪ್ರಯೋಜನ ಇಲ್ಲ. ಅದನ್ನು ನಾನು ಒಂದು ಶನಿವಾರ ಬೆಳಗಿನ ಜಾವ ಕಲಿತೆ.

ನನ್ನ ಹತ್ರ ಹಳೆಯ ಪೆಟ್ರೋಲ್ ವ್ಯಾನ್ ಇದೆ. ವಾರಕ್ಕೆರಡು ಸಲ ಮಾಗಡಿ ಕಡೆಯಿಂದ ತಾವರೆಕೆರೆ ಮೇಲೆ ಬೆಂಗಳೂರಿಗೆ ಸಾವಯವ ಸೊಪ್ಪು, ತರಕಾರಿ ಒಯ್ಯುತ್ತೇನೆ. ಆವತ್ತು ನನ್ನ ಮಾಲಿನ ಜೊತೆ ಪಕ್ಕದ ಹೊಲದ ಇಬ್ಬರು ಹೆಣ್ಣುಮಕ್ಕಳ ದಂಟು, ಮೆಂತ್ಯೆ ಸೊಪ್ಪೂ ಇತ್ತು. ಏರಿನಲ್ಲಿ ಲಾರಿ ಹಿಂದಿಕ್ಕೋಣ ಅಂತ ಆಕ್ಸಿಲರೇಟರ್ ಒತ್ತಿದೆ. ಗಾಡಿ ಮುಂದೆ ಹೋಗೋ ಬದಲು ಮುಗ್ಗರಿಸಿತು. ಎದುರಿಗೆ ಬಸ್ಸು. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಮತ್ತೆ ಸ್ಟಾರ್ಟ್ ಮಾಡಿ, ಕುಂಟುತ್ತಾ ಊರು ಸೇರಿದಾಗ ಬಿಸಿಲು ಏರಿತ್ತು, ಸೊಪ್ಪು ಬಾಡಿತ್ತು. ಅವರಿಬ್ಬರ ಸೊಪ್ಪಿನ ದುಡ್ಡು ನನ್ನ ಜೇಬಿಂದ ಕೊಟ್ಟೆ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದ್ರು. ಪಿ0123 ಅಂತ ಕೋಡ್ ಬಂತು. "ಥ್ರಾಟಲ್ ಸೆನ್ಸರ್ ಹೋಗಿದೆ, ಪೂರ್ತಿ ಥ್ರಾಟಲ್ ಬಾಡಿನೇ ಬದಲಿಸ್ಬೇಕು, 9,000 ಆಗುತ್ತೆ" ಅಂದ್ರು. ಒಂದು ದಿನ ಟೈಮ್ ಕೊಡಿ ಅಂತ ವಾಪಸ್ ಬಂದೆ. ಎಲೆ ಹಳದಿಯಾದ ತಕ್ಷಣ ಔಷಧಿ ಹೊಡೀಬೇಡಿ, ಮೊದಲು ಬೇರು, ನೀರು, ಮಣ್ಣು ನೋಡಿ ಅಂತ ನಾನೇ ಎಲ್ಲರಿಗೂ ಹೇಳ್ತೀನಿ. ಗಾಡಿಗೂ ಅದೇ ಮಾತು ಅನ್ವಯಿಸಬೇಕಲ್ವಾ?

ಈ ಸೆನ್ಸರ್ ಮಾಡೋ ಕೆಲಸ ಏನು?

ಇಂಜಿನ್ನಿಗೆ ಗಾಳಿ ಹೋಗೋ ದಾರಿಯಲ್ಲಿ ಒಂದು ದುಂಡನೆ ತಗಡು ಇರುತ್ತೆ. ಆಕ್ಸಿಲರೇಟರ್ ಒತ್ತಿದ್ರೆ ಅದು ತೆರೆಯುತ್ತೆ, ಬಿಟ್ರೆ ಮುಚ್ಚುತ್ತೆ. ನಮ್ಮ ಹನಿ ನೀರಾವರಿ ಪೈಪಿನ ವಾಲ್ವ್ ಇದ್ದ ಹಾಗೆ. ಆ ತಗಡು ಎಷ್ಟು ತೆರೆದಿದೆ ಅಂತ ಗಾಡಿಯ ಕಂಪ್ಯೂಟರಿಗೆ, ಅಂದ್ರೆ ಇಸಿಯುಗೆ, ಹೇಳೋದೇ ಥ್ರಾಟಲ್ ಪೊಸಿಷನ್ ಸೆನ್ಸರ್. ಹಳೆ ಮಾದರಿಯ ಒಳಗೆ ಇರೋದು ರೇಡಿಯೋ ವಾಲ್ಯೂಮ್ ತಿರುಗಣಿಯಂಥದ್ದೇ ಸಾಧನ. ಸಾಮಾನ್ಯವಾಗಿ ಮೂರು ವೈರ್: ಒಂದರಲ್ಲಿ ಇಸಿಯು ಕಳಿಸುವ 5 ವೋಲ್ಟ್, ಒಂದು ಅರ್ಥ್, ಇನ್ನೊಂದು ಸಿಗ್ನಲ್. ತಗಡು ಮುಚ್ಚಿದ್ದಾಗ ಸಿಗ್ನಲ್ ಸುಮಾರು ಅರ್ಧ ವೋಲ್ಟ್, ಪೂರ್ತಿ ತೆರೆದಾಗ 4ರಿಂದ 4.5 ವೋಲ್ಟ್ ಆಸುಪಾಸು. ಗಾಡಿಯಿಂದ ಗಾಡಿಗೆ ಸ್ವಲ್ಪ ವ್ಯತ್ಯಾಸ ಇರುತ್ತೆ.

ಈ ಸಿಗ್ನಲ್ ತಪ್ಪಿದ್ರೆ ಇಸಿಯುಗೆ ಪೆಟ್ರೋಲ್ ಲೆಕ್ಕ ತಪ್ಪುತ್ತೆ. ಗಾಡಿ ಜರ್ಕ್ ಹೊಡೆಯುತ್ತೆ, ಐಡಲ್ ಏರಿಳಿಯುತ್ತೆ, ಪಿಕಪ್ ಸಿಗಲ್ಲ, ಚೆಕ್ ಇಂಜಿನ್ ಲೈಟ್ ಬರುತ್ತೆ.

ಪರೀಕ್ಷೆ ಮಾಡೋದು ಹೇಗೆ?

ಬೇಕಾಗೋದು ಒಂದು ಡಿಜಿಟಲ್ ಮಲ್ಟಿಮೀಟರ್, ಎರಡು ಗುಂಡುಪಿನ್ನು, ಪೆಡಲ್ ಒತ್ತೋಕೆ ಒಬ್ಬರು. ನನ್ನ ಮೀಟರಿಗೆ ಕೊಟ್ಟಿದ್ದು 350 ರೂಪಾಯಿ. ಪಂಪ್‌ಸೆಟ್ ಸ್ಟಾರ್ಟರ್‌ಗೆ ಅಂತ ತಂದಿದ್ದು.

1. ಗಾಡಿ ನ್ಯೂಟ್ರಲ್‌ನಲ್ಲಿ ಇರಲಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡ್ಬೇಡಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ವೈರ್ ಬ್ಯಾಟರಿಯ ನೆಗೆಟಿವ್‌ಗೆ.

2. ಕನೆಕ್ಟರ್ ಬಿಚ್ಚದೆ, ಹಿಂಬದಿಯಿಂದ ವೈರಿನ ಪಕ್ಕಕ್ಕೆ ಪಿನ್ ಮೆಲ್ಲಗೆ ತೂರಿಸಿ ಅಳೆಯಿರಿ. ವೈರಿನ ಮೈ ಚುಚ್ಚಬೇಡಿ, ಆಮೇಲೆ ಅಲ್ಲೇ ನೀರಿಳಿದು ಕಿಲುಬು ಹಿಡಿಯುತ್ತೆ. ಎರಡು ಪಿನ್ ಒಂದಕ್ಕೊಂದು ತಾಗಬಾರದು.

3. ಒಂದು ವೈರಿನಲ್ಲಿ 5 ವೋಲ್ಟ್ ಹತ್ತಿರ ಸಿಗಬೇಕು. ಸಿಗದಿದ್ರೆ ತಪ್ಪು ಸಾಮಾನ್ಯವಾಗಿ ಸೆನ್ಸರ್‌ದಲ್ಲ, ವೈರಿಂಗ್‌ದೋ ಇಸಿಯುದೋ.

4. ಅರ್ಥ್ ವೈರಿನಲ್ಲಿ ಸೊನ್ನೆಯ ಹತ್ತಿರ, 0.1 ವೋಲ್ಟ್‌ಗಿಂತ ಕಡಿಮೆ ತೋರಿಸಬೇಕು. ಇದನ್ನು ಬಹಳ ಜನ ನೋಡೋದೇ ಇಲ್ಲ.

5. ಈಗ ಸಿಗ್ನಲ್ ವೈರ್. ಜೊತೆಗಿರೋರಿಗೆ ಪೆಡಲನ್ನು ನಿಧಾನವಾಗಿ, ಹತ್ತು ಎಣಿಸುವಷ್ಟು ಹೊತ್ತು ತಗೊಂಡು ಒತ್ತೋಕೆ ಹೇಳಿ. ವೋಲ್ಟ್ ಒಂದೇ ಸಮನೆ ಏರಬೇಕು, ಬಿಡುವಾಗ ಒಂದೇ ಸಮನೆ ಇಳಿಯಬೇಕು. ಮಧ್ಯೆ ಎಲ್ಲಾದ್ರೂ ದಿಢೀರ್ ಬಿದ್ರೆ ಅಥವಾ ಹಾರಿದ್ರೆ ಒಳಗಿನ ಪಟ್ಟಿ ಸವೆದಿದೆ ಅಂತ ಅನುಮಾನಿಸಿ. ಡಿಜಿಟಲ್ ಮೀಟರ್ ನಿಧಾನ, ಸಣ್ಣ ನೆಗೆತ ತಪ್ಪಿಸಿಕೊಳ್ಳಬಹುದು. ಅದಕ್ಕೇ ಮೂರು ನಾಲ್ಕು ಸಲ ಮಾಡಿ. ಹಳೆಯ ಮುಳ್ಳಿನ ಮೀಟರ್ ಇದ್ರೆ ಇನ್ನೂ ಒಳ್ಳೇದು.

6. ಕೊನೆಗೆ, ಪಿನ್ ಹಾಗೇ ಇಟ್ಟು ವೈರಿನ ಕಟ್ಟನ್ನು ಉದ್ದಕ್ಕೂ ಅಲುಗಾಡಿಸಿ.

ನನಗೆ ಸಿಕ್ಕಿದ್ದೇನು?

5 ವೋಲ್ಟ್ ಸರಿ ಇತ್ತು. ಸಿಗ್ನಲ್ 0.6ರಿಂದ 4.2ರವರೆಗೆ ಬೆಣ್ಣೆ ಹಾಗೆ ಏರಿತು. ಅಂದ್ರೆ ಸೆನ್ಸರ್ ಗಟ್ಟಿಯಾಗಿದೆ! ಆದರೆ ವೈರ್ ಅಲುಗಾಡಿಸಿದಾಗ ಪೆಡಲ್ ಮುಟ್ಟದೆಯೇ ಸಿಗ್ನಲ್ 4.9ಕ್ಕೆ ಹಾರಿತು. ಪಿನ್ನನ್ನು ಅರ್ಥ್ ವೈರಿಗೆ ಬದಲಿಸಿ ಮತ್ತೆ ಅಲುಗಾಡಿಸಿದೆ, ಅಲ್ಲೂ ಹಾಗೇ. ಅರ್ಥ್ ಕಡಿದರೆ 5 ವೋಲ್ಟ್‌ಗೆ ಇಳಿದು ಹೋಗೋ ದಾರಿ ಇರಲ್ಲ, ಹಾಗಾಗಿ ಸಿಗ್ನಲ್ ಪೂರ್ತಿ ಮೇಲೇರುತ್ತೆ. ಇಸಿಯು ಅದನ್ನೇ "ಸಿಗ್ನಲ್ ಜಾಸ್ತಿ", ಅಂದ್ರೆ ಪಿ0123 ಅಂತ ಬರೆದಿಟ್ಟಿತ್ತು. ಸಿಗ್ನಲ್ ತೀರಾ ಕಡಿಮೆಯಾದ್ರೆ ಪಿ0122 ಬರುತ್ತೆ. ಕೋಡ್ ಹೇಳೋದು ಯಾವ ಸರ್ಕ್ಯೂಟಿನಲ್ಲಿ ತೊಂದರೆ ಅಂತ ಮಾತ್ರ, ಯಾವ ಪಾರ್ಟ್ ಬದಲಿಸಬೇಕು ಅಂತ ಅಲ್ಲ.

ಟೇಪ್ ಬಿಚ್ಚಿ ನೋಡಿದ್ರೆ ಇಲಿ ಕಡಿದ ಗುರುತು. ಗಾಡಿ ನಿಲ್ಲಿಸ್ತಿದ್ದಿದ್ದು ಕಡಲೆ ಹಿಂಡಿ ಮೂಟೆ ಇಟ್ಟ ಶೆಡ್ಡಿನಲ್ಲಿ, ತಪ್ಪು ನನ್ನದೇ. ಅರ್ಥ್ ವೈರಿನ ಎಳೆಗಳಲ್ಲಿ ಎರಡೋ ಮೂರೋ ಉಳಿದಿದ್ವು, ಗುಂಡಿ ಬಂದಾಗೆಲ್ಲ ಬಿಟ್ಟು ಕೂಡ್ತಿದ್ವು. ಕೀ ಆಫ್ ಮಾಡಿ, ಬ್ಯಾಟರಿ ಬಿಚ್ಚಿ, ಬೆಸುಗೆ ಹಾಕಿ, ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ಹಾಕಿದೆ. ಕೋಡ್ ಅಳಿಸಿದೆ. ಮತ್ತೆ ಬಂದಿಲ್ಲ. ಗ್ಯಾರೇಜಿನ ಮಾತು ಕೇಳಿ ಹೊಸ ಥ್ರಾಟಲ್ ಬಾಡಿ ಹಾಕಿಸಿದ್ರೆ ದುಡ್ಡೂ ಹೋಗ್ತಿತ್ತು, ಮುಂದಿನ ಏರಿನಲ್ಲಿ ಗಾಡಿ ಮತ್ತೆ ಮುಗ್ಗರಿಸ್ತಿತ್ತು.

ಇಷ್ಟು ಎಚ್ಚರ ಇರಲಿ

- ಹೊಸ ಗಾಡಿಗಳಲ್ಲಿ ಆಕ್ಸಿಲರೇಟರ್ ಕೇಬಲ್ ಇರಲ್ಲ, ತಗಡನ್ನು ಮೋಟಾರ್ ತಿರುಗಿಸುತ್ತೆ. ಕೀ ಆನ್ ಇದ್ದಾಗ ಅದರೊಳಗೆ ಬೆರಳು ಹಾಕಲೇಬೇಡಿ. ಅಲ್ಲಿ ಸೆನ್ಸರೂ ಎರಡು, ವೈರೂ ಜಾಸ್ತಿ. ಆ ಗಾಡಿಯ ವೈರಿಂಗ್ ನಕ್ಷೆ ಇಲ್ಲದೆ ಕೈ ಹಾಕ್ಬೇಡಿ.
- ಹಳದಿ ಹೊದಿಕೆಯ ವೈರ್ ಸಾಮಾನ್ಯವಾಗಿ ಏರ್‌ಬ್ಯಾಗಿನದು, ಮುಟ್ಟಬೇಡಿ.
- ಓಮ್ಸ್ ಪರೀಕ್ಷೆ ಮಾಡೋದಾದ್ರೆ ಕೀ ಆಫ್ ಮಾಡಿ, ಕನೆಕ್ಟರ್ ಬಿಚ್ಚಿಯೇ ಮಾಡಿ. ಮ್ಯಾಗ್ನೆಟ್ ಆಧಾರದ ಹೊಸ ಸೆನ್ಸರ್‌ಗಳಿಗೆ ಈ ಪರೀಕ್ಷೆ ಆಗಲ್ಲ.
- ವಾರಂಟಿ ಇದ್ರೆ ನೀವು ಬಿಚ್ಚಬೇಡಿ.
- ಬ್ಲೂಟೂತ್ ಓಬಿಡಿ ಅಡಾಪ್ಟರ್ ಇದ್ರೆ ಮೊಬೈಲಿನಲ್ಲೇ ಥ್ರಾಟಲ್ ಶೇಕಡಾ ನೋಡಬಹುದು. ಪೆಡಲ್ ಬಿಟ್ಟಾಗ ಶೇ. 10–15 ತೋರಿಸಿದ್ರೆ ಗಾಬರಿ ಬೇಡ, ಎಷ್ಟೋ ಗಾಡಿಗಳಲ್ಲಿ ಅದು ಸಹಜ.

ಕೊನೆಯದಾಗಿ ಒಂದು ಮಾತು. ಗಾಡಿ ಚೆನ್ನಾಗಿರುವಾಗಲೇ ಈ ಮೂರೂ ವೈರ್ ಅಳೆದು, ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಕೊಳ್ಳಿ. ಕೆಟ್ಟ ದಿನ ಹೋಲಿಸಿ ನೋಡೋಕೆ ಅದಕ್ಕಿಂತ ಒಳ್ಳೇ ಲೆಕ್ಕ ಸಿಗಲ್ಲ. ಮತ್ತೆ ಹಿಂಡಿ ಮೂಟೆ ಒಂದು ಕಡೆ, ಗಾಡಿ ಇನ್ನೊಂದು ಕಡೆ ಇರಲಿ. ನಾನಂತೂ ಆ ವಾರವೇ ಜಾಗ ಬದಲಿಸಿದೆ.