ಕೆ.ಜಿ. ಲೆಕ್ಕಕ್ಕೆ ಹೋದ ಹಾಡುಗಳು!

ಹೋದ ಗುರುವಾರ ಮಧ್ಯಾಹ್ನ. ಮನೆಯ ಹಳೇ ಸೀಲಿಂಗ್ ಫ್ಯಾನಿಗೆ ಒಂದು ರೆಕ್ಕೆ ಬೇಕಾಗಿತ್ತು. ಮೈಸೂರಿನ ಮಂಡಿ ಮೊಹಲ್ಲಾ ಕಡೆ ಗುಜರಿ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿಯುತ್ತಿದ್ದೆ. ಒಂದು ಅಂಗಡಿಯ ತಕ್ಕಡಿ ಮೇಲೆ ಕಬ್ಬಿಣವೂ ಅಲ್ಲ, ರದ್ದಿ ಪೇಪರೂ ಅಲ್ಲ, ಕರೀ ತಟ್ಟೆಗಳ ರಾಶಿ! ಮೇಲಿದ್ದದ್ದರ ಧೂಳು ಒರೆಸಿ ನೋಡಿದೆ. ‘ಎರಡು ಕನಸು’ ಚಿತ್ರದ ಹಾಡುಗಳ ರೆಕಾರ್ಡು.

“ಇದೇನಪ್ಪಾ ಇದು?” ಅಂದೆ.

“ಪ್ಲಾಸ್ಟಿಕ್ ಸಾರ್, ಗಟ್ಟಿ ಪ್ಲಾಸ್ಟಿಕ್. ಬೇಕಾದ್ರೆ ತಗೊಳ್ಳಿ. ಕೆ.ಜಿ. ಲೆಕ್ಕ.”

ಓದುಗರೇ, ಅಲ್ಲೇ ನಿಂತು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದೆ. ಸಣ್ಣ ರೆಕಾರ್ಡು ಒಂದಕ್ಕೆ ಹೆಚ್ಚುಕಮ್ಮಿ 40 ಗ್ರಾಂ ತೂಕ. ಕೆ.ಜಿ.ಗೆ 25 ಬರುತ್ತೆ. ಒಂದೊಂದರಲ್ಲಿ ಈ ಕಡೆ ಎರಡು, ಆ ಕಡೆ ಎರಡು, ಒಟ್ಟು ನಾಲ್ಕು ಹಾಡು. ಅಲ್ಲಿಗೆ ಒಂದು ಕೆ.ಜಿ.ಗೆ ನೂರು ಹಾಡು! ಟೊಮ್ಯಾಟೊ ತೂಗಿದ ಹಾಗೆ ನಮ್ಮ ಪಿ.ಬಿ. ಶ್ರೀನಿವಾಸ್, ಪಿ. ಸುಶೀಲ, ಎಸ್. ಜಾನಕಿಯವರನ್ನು ತೂಗುತ್ತಿದ್ದಾರಲ್ಲ ಸ್ವಾಮಿ!

‘ಎರಡು ಕನಸು’ ಬಂದದ್ದು 1974ರಲ್ಲಿ. ಸಂಗೀತ ರಾಜನ್–ನಾಗೇಂದ್ರ. ಈ ಅಣ್ಣತಮ್ಮಂದಿರು ಬೇರೆ ಯಾವೂರಿನವರೂ ಅಲ್ಲ, ನಮ್ಮ ಶಿವರಾಂಪೇಟೆಯವರೇ. ಅವರು ಹುಟ್ಟಿ ಬೆಳೆದ ಬೀದಿಗೂ ಈ ತಕ್ಕಡಿಗೂ ನಡೆದು ಹೋಗುವಷ್ಟೇ ದೂರ. ನಾಗೇಂದ್ರ 2000ದಲ್ಲಿ ತೀರಿಕೊಂಡರು, ರಾಜನ್ 2020ರಲ್ಲಿ. ಅವರ ಹಾಡು ಅವರೂರಿನಲ್ಲೇ ಗುಜರಿಗೆ ಬಿದ್ದಿದೆ. ಫ್ಯಾನಿನ ರೆಕ್ಕೆ ಮರೆತೆ. ಒಂದು ಕೆ.ಜಿ. ಕಟ್ಟಿಸಿಕೊಂಡೆ.

ತಟ್ಟೆಯೊಳಗೆ ಏನಿದೆ?

ಕ್ಯಾಸೆಟ್ಟನ್ನೂ ಕಾಣದ ಇವತ್ತಿನ ಹುಡುಗರಿಗೆ ಎರಡು ಮಾತು. ರೆಕಾರ್ಡುಗಳಲ್ಲಿ ಮುಖ್ಯವಾಗಿ ಮೂರು ಜಾತಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಕಾಲದ್ದು, ಒಂದು ಮಗ್ಗುಲಿಗೆ ಮೂರು ನಿಮಿಷ ಹಾಡಿದರೆ ಮುಗಿಯಿತು. ಇದನ್ನು ಮಾಡುತ್ತಿದ್ದುದು ಅರಗಿನಿಂದ. ಕೈ ಜಾರಿದರೆ ಹಪ್ಪಳದ ಹಾಗೆ ಪುಡಿ! ಎರಡನೆಯದು ಏಳಿಂಚಿನ ಇ.ಪಿ., 45 ಸುತ್ತಿನದು. ಮೂರನೆಯದು ಹನ್ನೆರಡಿಂಚಿನ ಎಲ್.ಪಿ., ಮೂವತ್ಮೂರೂ ಚಿಲ್ಲರೆ ಸುತ್ತಿನದು, ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ ಹಾಡುತ್ತೆ. ಈ ಎರಡೂ ವಿನೈಲ್ ಎಂಬ ಪ್ಲಾಸ್ಟಿಕ್ಕಿನವು.

ತಟ್ಟೆಯ ಮೇಲೆ ಕಾಣುವ ಗೆರೆಗಳು ನೂರಾರು ಅಂದುಕೊಂಡಿರಾ? ಅಲ್ಲ. ಒಂದು ಮಗ್ಗುಲಿಗೆ ಒಂದೇ ಗೆರೆ. ಜಿಲೇಬಿ ಸುತ್ತಿದ ಹಾಗೆ ಅಂಚಿನಿಂದ ಒಳಕ್ಕೆ ಸುತ್ತುತ್ತಾ ಹೋಗುತ್ತೆ. ಬಿಚ್ಚಿ ಎಳೆದರೆ ಎಲ್.ಪಿ.ಯ ಒಂದು ಮಗ್ಗುಲಿನ ಗೆರೆ ಸುಮಾರು ಅರ್ಧ ಕಿಲೋಮೀಟರು ಆದೀತು. ಬಸ್ಸಿನಲ್ಲಿ ಹೋಗುವವರಿಗೆ ಹೇಳೋದಾದರೆ ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪು! ಆ ಗೆರೆಯ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗು. ಮುಳ್ಳು ಅದರ ಮೇಲೆ ಓಡುವಾಗ ಅದುರುತ್ತೆ. ಆ ಅದುರು ಕರೆಂಟಾಗಿ, ಆಂಪ್ಲಿಫೈಯರಿನಲ್ಲಿ ದೊಡ್ಡದಾಗಿ, ಸ್ಪೀಕರಿನಲ್ಲಿ ಜಾನಕಿಯಮ್ಮ ಆಗುತ್ತೆ.

ಇಂಥ ತಟ್ಟೆಗಳು ಬಹುಪಾಲು ಅಚ್ಚಾಗುತ್ತಿದ್ದುದು ಕಲ್ಕತ್ತೆಯ ಡಂಡಂನಲ್ಲಿದ್ದ ಎಚ್.ಎಂ.ವಿ. ಕಾರ್ಖಾನೆಯಲ್ಲಿ. ಹಾಡು ಮದರಾಸಿನಲ್ಲಿ, ಅಚ್ಚು ಕಲ್ಕತ್ತೆಯಲ್ಲಿ, ಕೇಳೋದು ಮೈಸೂರಿನಲ್ಲಿ. 78ರ ತಟ್ಟೆಗಳನ್ನು ಬ್ರಿಟನ್ನಿನಲ್ಲಿ 1960ರ ಹೊತ್ತಿಗೇ ನಿಲ್ಲಿಸಿದರು. ನಮ್ಮಲ್ಲಿ ಮಾತ್ರ ಕರೆಂಟಿಲ್ಲದ ಮನೆಗಳಲ್ಲಿ ಕೀಲಿ ಕೊಡುವ ಗ್ರಾಮಫೋನೇ ಗತಿ. ಹಾಗಾಗಿ ಬೀಟಲ್ಸ್ ತಂಡದ ಹಾಡುಗಳನ್ನೂ ಡಂಡಂನಲ್ಲಿ 78ರಲ್ಲೇ ಒತ್ತಿದರು. ಇವತ್ತು ಆ ತಟ್ಟೆಗಳಿಗಾಗಿ ವಿದೇಶದವರು ಹುಡುಕಾಡುತ್ತಾರೆ!

ಮಹಾರಾಜರಿಗೂ ಇತ್ತು ಈ ಹುಚ್ಚು

ನಮ್ಮೂರಿಗೆ ರೆಕಾರ್ಡಿನ ಹುಚ್ಚು ಹೊಸದೇನೂ ಅಲ್ಲ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳ ದೊಡ್ಡ ಭಂಡಾರವನ್ನೇ ಇಟ್ಟಿದ್ದರು. ಮೆಟ್ನರ್ ಎಂಬ ರಷ್ಯಾದ ಸಂಗೀತಗಾರ ಲಂಡನ್ನಿನಲ್ಲಿ ಕಾಯಿಲೆ ಬಿದ್ದು, ಯಾರೂ ಕೇಳುವವರಿಲ್ಲದೆ ಇದ್ದಾಗ, 1940ರ ದಶಕದ ಕೊನೆಯಲ್ಲಿ ಅವರ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ ರೆಕಾರ್ಡು ಮಾಡಿಸಲು ಹಣ ಕೊಟ್ಟವರು ನಮ್ಮ ಮಹಾರಾಜರು. 1951ರಲ್ಲಿ ಮೆಟ್ನರ್ ಸತ್ತರು, ನುಡಿಸಿದ್ದು ಉಳಿಯಿತು. ರೆಕಾರ್ಡು ಅಂದರೆ ಏನು ಅಂತ ಆ ದೊರೆಗೆ ಗೊತ್ತಿತ್ತು. ಈಗ ತಕ್ಕಡಿ ಹಿಡಿದ ನಮಗೆ ಗೊತ್ತಿಲ್ಲ.

ಆದರೆ ನನ್ನ ಕತೆ ಅರಮನೆಯದ್ದಲ್ಲ, ಮೈಕ್ ಸೆಟ್ಟಿನದು.

ಅರವತ್ತು–ಎಪ್ಪತ್ತರ ದಶಕದಲ್ಲಿ ರೆಕಾರ್ಡ್ ಪ್ಲೇಯರ್ ಇದ್ದ ಮನೆ ಬೀದಿಗೊಂದು ಇದ್ದರೆ ಹೆಚ್ಚು. ಉಳಿದವರಿಗೆ ಮದುವೆ, ಗಣಪತಿ, ಊರಹಬ್ಬ ಬಂದರೆ ಮರಕ್ಕೆ ಕಟ್ಟಿದ ಕಹಳೆ ಸ್ಪೀಕರೇ ಸಂಗೀತ ಸಭೆ. ಟೂರಿಂಗ್ ಟಾಕೀಸಿನಲ್ಲಿ ಘಂಟಸಾಲ ಅವರ ವೆಂಕಟೇಶನ ಸ್ತುತಿ ಕೇಳಿಸಿತೋ, ಹಳ್ಳಿಯವರು ಊಟದ ಕೈ ತೊಳೆದು ಓಡುತ್ತಿದ್ದರು. ಹಾಡುಗಳು ಊರೊಳಗೆ ಬಂದದ್ದು ಹೀಗೆ.

ಗುಜರಿಯಿಂದ ತಂದ ತಟ್ಟೆಗಳ ಲೇಬಲ್ಲಿನ ಮೇಲೆಲ್ಲಾ ಒಂದು ರಬ್ಬರ್ ಸ್ಟಾಂಪು, ಪಕ್ಕದಲ್ಲಿ ಕೆಂಪು ಇಂಕಿನ ನಂಬರು. ಸ್ಟಾಂಪು ಓದಿದರೆ, ಅರೆ! ನಮ್ಮ ಮೊಹಲ್ಲಾದ್ದೇ ಹಳೇ ಮೈಕ್ ಸೆಟ್ ಅಂಗಡಿ. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿದೆ. ಶುಕ್ರವಾರ ಸಂಜೆ ಯಜಮಾನರ ಮನೆ ಹುಡುಕಿಕೊಂಡು ಹೋದೆ.

ನಂಬರ್ 88

ಎಂಬತ್ತು ದಾಟಿದ ಜೀವ. ಮಂಡಿನೋವು. ಜಗಲಿಯ ಮೇಲೆ ಕೂತಿದ್ದರು. ಗಂಟು ಬಿಚ್ಚಿ ತಟ್ಟೆ ತೋರಿಸಿದೆ. ಕನ್ನಡಕ ಏರಿಸಿ ನಂಬರು ನೋಡಿದರು. ಹಾಡಿನ ಹೆಸರು ನೋಡಲಿಲ್ಲ.

“ಮುನ್ನೂರ ಹನ್ನೆರಡು. ‘ಬಂಗಾರದ ಮನುಷ್ಯ’ ಅಲ್ವಾ?”

ಹೌದು, ಅದೇ!

“ಅಂಗಡಿ ಖಾಲಿ ಮಾಡೋಕೆ ಎರಡು ದಿನ ಟೈಮು ಕೊಟ್ಟಿದ್ರು ಸ್ವಾಮಿ. ಬಾಡಿಗೆ ಬಂದ್ರೆ ಮನೆ ನಡೀಬೇಕು. ಹುಡುಗರದ್ದೇನೂ ತಪ್ಪಿಲ್ಲ. ಎಲ್ಲಾ ಸಾಗಿಸಿಬಿಟ್ರು. ನಾನು ಆಸ್ಪತ್ರೇಲಿದ್ದೆ.”

ಒಳಗಿಂದ ಸೊಸೆ ಒಂದು ಉದ್ದನೆಯ ನೋಟ್‌ಬುಕ್ ತಂದುಕೊಟ್ಟರು. ಉಳಿದಿರೋದು ಇದೊಂದೇ. ಕೊಂಡ ತಾರೀಖು, ನಂಬರು, ಚಿತ್ರ, ಬೆಲೆ. ಆರು ನೂರಕ್ಕೂ ಮೇಲೆ! “ಒಂದು ಎಲ್.ಪಿ. ತಂದ ವಾರ ಮನೇಲಿ ತರಕಾರಿ ಕಮ್ಮಿ ಮಾಡ್ತಿದ್ವಿ” ಅಂದರು.

“ಯಜಮಾನ್ರೇ, ಇಷ್ಟರಲ್ಲಿ ಯಾವುದಾದರೂ ಒಂದು ವಾಪಸ್ ಬೇಕು ಅಂದ್ರೆ ಯಾವುದು ಕೇಳ್ತೀರಿ?” ಅಂದೆ. ರಾಜ್‌ಕುಮಾರ್ ಹಾಡು ಹೇಳುತ್ತಾರೆ ಅಂದುಕೊಂಡಿದ್ದೆ.

“ಎಂಬತ್ತೆಂಟು. ನಾದಸ್ವರದ ಎಲ್.ಪಿ.”

ಕಾರಣ ಕೇಳಿ. ಬಡವರ ಮನೆ ಮದುವೆ. ಓಲಗದವರಿಗೆ ಕೊಡೋಕೆ ದುಡ್ಡಿಲ್ಲ. ಓಲಗವಿಲ್ಲದೆ ತಾಳಿ ಕಟ್ಟೋದು ಹೇಗೆ? ಇವರು ಮೈಕ್ ಸೆಟ್ಟಿನ ಜೊತೆ ನಂಬರ್ 88 ತೆಗೆದುಕೊಂಡು ಹೋಗುತ್ತಿದ್ದರು. ಪುರೋಹಿತರು ಕೈ ಎತ್ತಿದ ತಕ್ಷಣ ಸರಿಯಾಗಿ ಆ ಜಾಗಕ್ಕೆ ಮುಳ್ಳು ಇಳಿಸಬೇಕು. ಗಟ್ಟಿಮೇಳ! ಈ ಕೆಲಸಕ್ಕೆ ಒಂದು ಕಾಸೂ ತಗೊಳ್ಳುತ್ತಿರಲಿಲ್ಲವಂತೆ.

“ಒಂದ್ಸಲ ಯಾರೋ ಹುಡುಗ ಕೈ ಇಟ್ಟು ಗೀರು ಬಿತ್ತು ಸ್ವಾಮಿ. ಗಟ್ಟಿಮೇಳದಲ್ಲೇ ಸಿಕ್ಕಿಹಾಕಿಕೊಳ್ಳೋದು. ಸುತ್ತಿ ಸುತ್ತಿ ಅದೇ ಬಾರಿಸೋದು. ತಾಳಿ ಕಟ್ಟೋವರೆಗೂ ನಿಲ್ಲಲ್ಲ. ಆಮೇಲೆ ಜನ ಅದೇ ಒಳ್ಳೇದು ಅಂದ್ರು. ಎಷ್ಟು ಮದುವೆಗೆ ಹಾಕಿದೀನೋ ಲೆಕ್ಕ ಇಲ್ಲ. ನನ್ನ ಮಗಳ ಮದುವೆಗೂ ಅದನ್ನೇ ಹಾಕಿದ್ದೆ.”

ನಾನೂ ಸಾಚಾ ಅಲ್ಲ!

ಇಷ್ಟು ಬರೆದ ಮೇಲೆ ನನ್ನ ಕತೆ ಮುಚ್ಚಿಟ್ಟರೆ ತಪ್ಪಾಗುತ್ತೆ. ನಮ್ಮಪ್ಪನ ಹತ್ತಿರ ಎಚ್.ಎಂ.ವಿ. ಫಿಯೆಸ್ಟಾ ಪ್ಲೇಯರ್ ಇತ್ತು, ಮೂವತ್ತು ನಲವತ್ತು ರೆಕಾರ್ಡೂ ಇದ್ದವು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟಿನ ಅಲೆ ಬಂತು. ಟೇಪ್ ರೆಕಾರ್ಡರ್ ಮನೆಗೆ ಬಂದ ಮೇಲೆ ಆ ಪೆಟ್ಟಿಗೆ ಜಾಗಕ್ಕೆ ದಂಡ ಅನ್ನಿಸಿತು. 1986ರಲ್ಲಿ ಬಾಗಿಲಿಗೆ ಬಂದ ಪಾತ್ರೆಯವಳಿಗೆ ರೆಕಾರ್ಡುಗಳನ್ನೆಲ್ಲಾ ಕೊಟ್ಟು ಒಂದು ಸ್ಟೀಲ್ ಡಬರಿ ತಗೊಂಡೆ. ಅಪ್ಪ ಸಂಜೆ ಬಂದು ನೋಡಿ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಡಬರಿಯಲ್ಲಿ ನಮ್ಮ ಮನೆಯಲ್ಲಿ ಇವತ್ತಿಗೂ ಹಾಲು ಕಾಯುತ್ತೆ.

ಹಾಗಾಗಿ ಗುಜರಿಯವನ ಮೇಲೆ ನನಗೆ ಸಿಟ್ಟಿಲ್ಲ. ಅವನದು ತೂಕದ ವ್ಯಾಪಾರ. ಕೊಟ್ಟವರು ನಾವು.

ಫೋನಲ್ಲಿ ಸಿಗೋದಿಲ್ವಾ?

“ಅಲ್ಲಾ ಸ್ವಾಮಿ, ಆ ಹಾಡೆಲ್ಲಾ ಮೊಬೈಲಲ್ಲಿ ಪುಕ್ಕಟೆ ಸಿಗುತ್ತಲ್ಲ!” ಅಂತ ನಮ್ಮ ಪಕ್ಕದ ದಿನಸಿ ಅಂಗಡಿಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಹೆಸರಾದ ಹಾಡು ಸಿಗುತ್ತೆ. ರೆಕಾರ್ಡಿನ ಸದ್ದೇ ಮೇಲು ಅಂತ ನಾನು ಜಗಳಕ್ಕೆ ನಿಲ್ಲೋದಿಲ್ಲ. ನಾನು ತಂದ ತಟ್ಟೆಗಳಲ್ಲಿ ಹಾಡಿಗಿಂತ ಮೊದಲು ಒಗ್ಗರಣೆ ಸಿಡಿಯುವ ಸದ್ದೇ ಕೇಳುತ್ತೆ!

ಆದರೆ ಯಾರೂ ಕೇಳದ ಹಾಡು, ನಾಟಕದ ಹಾಡು, ಹರಿಕಥೆ, ನಾದಸ್ವರ ಇವನ್ನೆಲ್ಲಾ ಯಾರಾದರೂ ತಟ್ಟೆಯಿಂದ ಇಳಿಸಿದರೆ ತಾನೇ ಫೋನಿಗೆ ಬರೋದು? ಕೊನೆಯ ತಟ್ಟೆ ಕರಗಿದರೆ ಆ ದನಿ ಮುಗಿಯಿತು. ಇನ್ನೊಂದು: ರೆಕಾರ್ಡಿನ ಲೇಬಲ್ಲಿನಲ್ಲಿ ಹಾಡು ಬರೆದವರ ಹೆಸರೂ ಇರುತ್ತೆ. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ನಮ್ಮ ಜಿಲ್ಲೆಯವರೇ ಆದ ಹುಣಸೂರು ಕೃಷ್ಣಮೂರ್ತಿ. ಫೋನಿನಲ್ಲಿ ಬಹಳ ಸಲ ಹೀರೋ ಹೆಸರು ಇರುತ್ತೆ, ಕವಿಯದು ನಾಪತ್ತೆ!

ತಟ್ಟೆಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಇತಿಹಾಸವೂ ಕಾಣುತ್ತೆ. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜ್‌ಕುಮಾರ್‌ಗೆ ಪಿ.ಬಿ.ಎಸ್. ಕಂಠ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ತಾವೇ ಹಾಡಿದರು. ಆಮೇಲಿನ ತಟ್ಟೆಗಳಲ್ಲಿ ಅವರ ಹೆಸರೇ ಹೆಚ್ಚುತ್ತಾ ಹೋಗುತ್ತೆ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಬಂದಾಗ ಅದು ಕ್ಯಾಸೆಟ್. ತಟ್ಟೆಯ ಕಾಲ ಮುಗಿಯುವ ಸೂಚನೆ ಅಲ್ಲೇ ಇತ್ತು. ತೊಂಬತ್ತರ ದಶಕದಲ್ಲಿ ಹೊಸ ರೆಕಾರ್ಡು ಅಂಗಡಿಗೆ ಬರೋದೇ ನಿಂತುಹೋಯಿತು.

ನಿಮ್ಮ ಅಟ್ಟದಲ್ಲಿ ಇದ್ದರೆ

ಓದುಗರೇ, ಅಟ್ಟ ಹತ್ತಿ ಒಮ್ಮೆ ನೋಡಿ. ಇದ್ದರೆ ಇಷ್ಟು ಮಾಡಿ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಬಿಸಿಲಿಗೆ, ತಗಡಿನ ಸೂರಿನ ಕೆಳಗೆ ಇಡಬೇಡಿ, ದೋಸೆ ಹಂಚಿಗೆ ಹಾಕಿದ ಹಾಗೆ ಸೊಟ್ಟಗಾಗುತ್ತವೆ. ಬೂಷ್ಟು ಹಿಡಿದಿದ್ದರೆ ಡಿಸ್ಟಿಲ್ಡ್ ವಾಟರಿಗೆ ಒಂದು ತೊಟ್ಟು ಸೋಪು ಹಾಕಿ, ಮೆತ್ತನೆಯ ಬಟ್ಟೆಯಲ್ಲಿ ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸಿ. ಲೇಬಲ್ ನೆನೆಯಬಾರದು. ಹಳೇ 78ಕ್ಕೆ ಮಾತ್ರ ಸ್ಪಿರಿಟ್ ಮುಟ್ಟಿಸಬೇಡಿ, ಅರಗು ಕರಗುತ್ತೆ. ಕೀಲಿ ಗ್ರಾಮಫೋನಿನ ಉಕ್ಕಿನ ಮುಳ್ಳಿನಲ್ಲಿ ಎಲ್.ಪಿ. ಹಾಕಿದರೆ ಹೊಲಕ್ಕೆ ನೇಗಿಲು ಹೊಡೆದ ಹಾಗೆ, ಒಂದೇ ಸಲಕ್ಕೆ ಹಾಳು.

ವ್ಯಾಪಾರಸ್ಥರಿಗೂ ಒಂದು ಮಾತು. ಕವರು ಹರಿಯದೆ, ಗೀರಿಲ್ಲದೆ ಇದ್ದರೆ ಕೊಳ್ಳುವವರು ಈಗ ಇದ್ದಾರೆ. ಹೊಸ ಪ್ಲೇಯರುಗಳೂ ಮತ್ತೆ ಸಿಗುತ್ತಿವೆ. ತಕ್ಕಡಿಗೆ ಹಾಕುವ ಮೊದಲು ಒಂದು ವಾರ ಅಂಗಡಿ ಮುಂದೆ ನೇತುಹಾಕಿ ನೋಡಿ. ನಷ್ಟವಂತೂ ಇಲ್ಲ.

ರೇಡಿಯೋಗೆ ‘ಆಕಾಶವಾಣಿ’ ಅಂತ ಹೆಸರಿಟ್ಟ ಊರು ನಮ್ಮದು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಅಂಥ ಊರಿನಲ್ಲಿ ಜನ ಕೊಟ್ಟ ಹಳೇ ರೆಕಾರ್ಡು ಇಸಕೊಂಡು, ಪಟ್ಟಿ ಮಾಡಿ, ದನಿ ಇಳಿಸಿಡೋಕೆ ಲೈಬ್ರರಿಯ ಒಂದು ಕೋಣೆ, ಒಂದು ಬೀರು ಸಾಕು. ಸಂಬಂಧಪಟ್ಟವರು ಮನಸ್ಸು ಮಾಡಬೇಕು ಅಷ್ಟೆ.

ಶನಿವಾರ ಬೆಳಿಗ್ಗೆ ಮತ್ತೆ ಗುಜರಿಗೆ ಓಡಿದೆ, 88 ಹುಡುಕೋಕೆ. ರಾಶಿ ಇರಲಿಲ್ಲ. “ದೊಡ್ಡವೆಲ್ಲಾ ಬೆಂಗಳೂರಿನವರು ಒಟ್ಟಿಗೆ ಎತ್ತಿಕೊಂಡು ಹೋದ್ರು ಸಾರ್. ಗೋಡೆ ಗಡಿಯಾರ ಮಾಡ್ತಾರಂತೆ” ಅಂದ.

ಆದ್ದರಿಂದ ಓದುಗರಲ್ಲಿ ಒಂದು ಮನವಿ. ನಿಮ್ಮ ಮನೆಯಲ್ಲೋ, ನೀವು ಕಾಫಿ ಕುಡಿಯುವ ಹೋಟೆಲಿನಲ್ಲೋ ಎಲ್.ಪಿ.ಯಲ್ಲಿ ಮಾಡಿದ ಗಡಿಯಾರ ಕಂಡರೆ ನಡುವಿನ ಲೇಬಲ್ ಒಮ್ಮೆ ನೋಡಿ. ಕೆಂಪು ಇಂಕಿನಲ್ಲಿ 88 ಅಂತ ಇದ್ದರೆ ನಮ್ಮ ಪತ್ರಿಕೆಯ ಕಛೇರಿಗೆ ಒಂದು ಮಾತು ತಿಳಿಸಿ. ಮುಳ್ಳು ಆಡದಿದ್ದರೂ ಚಿಂತೆಯಿಲ್ಲ, ಯಜಮಾನರು ಕೈಯಲ್ಲಿ ಹಿಡಿದು ನೋಡಲಿ.

ನಮ್ಮ ಫ್ಯಾನಿಗೆ ಇನ್ನೂ ಎರಡೇ ರೆಕ್ಕೆ.