ದಪ್ಪಗಾದ ಹೃದಯದ ಒಳಗೇನಿದೆ

ಎಕೋ ವರದಿಯಲ್ಲಿ ಹೃದಯದ ಗೋಡೆ ದಪ್ಪಗಾಗಿದೆ ಎಂದು ಬಂದರೆ ಎಲ್ಲರಿಗೂ ಮೊದಲು ಹೊಳೆಯುವ ಕಾರಣ ಬಿಪಿ. ಬಹಳ ಸಲ ಅದು ಸರಿಯೂ ಹೌದು. ಆದರೆ ಬಿಪಿ ಇಲ್ಲದ, ಕವಾಟಗಳು ಸರಿಯಾಗಿರುವ ವ್ಯಕ್ತಿಯಲ್ಲಿ ಎಡ ಹೃತ್ಕುಕ್ಷಿಯ ಗೋಡೆ 15 ಮಿಲಿಮೀಟರ್ ಮುಟ್ಟಿದ್ದರೆ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿಯನ್ನು ಶಂಕಿಸಲೇಬೇಕು. ವೈದ್ಯರು ಚುಟುಕಾಗಿ ಎಚ್‌ಸಿಎಂ ಎನ್ನುವ ಈ ಕಾಯಿಲೆ ಸುಮಾರು 500 ಜನರಲ್ಲಿ ಒಬ್ಬರಿಗಿರುತ್ತದೆ. ಹೆಚ್ಚಾಗಿ ವಂಶವಾಹಿಯ ದೋಷದಿಂದ ಬರುತ್ತದೆ. ಇದರ ಅಪಾಯವನ್ನು ಗೋಡೆಯ ದಪ್ಪವೊಂದರಿಂದಲೇ ಅಳೆಯಲಾಗದು. ಸ್ನಾಯುವಿನ ಒಳಗೆ ಏನಾಗಿದೆ ಎಂಬುದೇ ಮುಖ್ಯ.

ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟಿಯರ್ 1958ರಲ್ಲಿ ಎಂಟು ಕಿರಿಯರ ಹೃದಯಗಳನ್ನು ವಿವರಿಸಿದರು. ಅವರಲ್ಲಿ ಏಳು ಮಂದಿ ಹಠಾತ್ತನೆ ಸತ್ತವರು. ಆ ಹೃದಯಗಳ ಗೋಡೆ ಎಲ್ಲ ಕಡೆ ಒಂದೇ ಸಮನಾಗಿ ಉಬ್ಬಿರಲಿಲ್ಲ, ಒಳಗಿನ ಸ್ನಾಯುಕೋಶಗಳೂ ಸಾಲು ತಪ್ಪಿದ್ದವು. ಹೊನ್ನಾಳಿಯ ಗದ್ದೆಯಲ್ಲಿ ಸಾಲಾಗಿ ನಿಂತ ಭತ್ತ ಮಳೆಗಾಳಿಗೆ ಅಡ್ಡಾದಿಡ್ಡಿ ಬಿದ್ದಂತೆ ಕೋಶಗಳು ಒಂದರ ಮೇಲೊಂದು ಓರೆಯಾಗಿ ಹೆಣೆದುಕೊಂಡಿರುತ್ತವೆ. ಅವುಗಳ ನಡುವೆ ನಾರು ಬೆಳೆಯುತ್ತದೆ, ಗೋಡೆಯೊಳಗಿನ ಸಣ್ಣ ರಕ್ತನಾಳಗಳು ದಪ್ಪಗಾಗಿ ಕಿರಿದಾಗುತ್ತವೆ. ಸಂಕೋಚನದ ವಿದ್ಯುತ್ ಅಲೆ ಇಂಥ ಸ್ನಾಯುವಿನಲ್ಲಿ ನೇರವಾಗಿ ಹರಿಯದೆ ದಾರಿ ತಪ್ಪಿ ಸುತ್ತತೊಡಗಿದರೆ ಹೃದಯದ ಲಯ ಕೆಡುತ್ತದೆ. ಬಿಪಿಯಿಂದ ದಪ್ಪಗಾದ ಹೃದಯದಲ್ಲಿ ಕೋಶಗಳು ಹಿಗ್ಗಿದರೂ ಸಾಲು ಬಹುಮಟ್ಟಿಗೆ ಉಳಿದಿರುತ್ತದೆ. ಆರೋಗ್ಯವಂತರ ಹೃದಯದಲ್ಲೂ ಗೋಡೆಗಳು ಕೂಡುವ ಜಾಗದಲ್ಲಿ ಸಾಲು ತಪ್ಪಿರುತ್ತದಲ್ಲ ಎಂದು ಕೇಳಬಹುದು. ನಿಜ, ಆದರೆ ಅಲ್ಲಿ ಅದು ತೀರಾ ಕಡಿಮೆ. ಎಚ್‌ಸಿಎಂನಲ್ಲಿ ಅದು ವ್ಯಾಪಕವಾಗಿರುತ್ತದೆ.

ಕಾಯಿಲೆಯ ಬಗೆಗಳನ್ನು ನೋಡಿದರೆ ದಪ್ಪಕ್ಕಿಂತ ಒಳಗಿನ ಸ್ಥಿತಿಯೇ ಮುಖ್ಯ ಎಂಬ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ಟ್ರೋಪೋನಿನ್ ಟಿ ವಂಶವಾಹಿಯ ದೋಷವಿರುವ ಕೆಲವರಲ್ಲಿ ಗೋಡೆ ಹೆಚ್ಚು ದಪ್ಪವಾಗಿರುವುದೇ ಇಲ್ಲ. ಕೋಶಗಳ ಅಸ್ತವ್ಯಸ್ತತೆ ಮಾತ್ರ ತೀವ್ರ, ಹಠಾತ್ ಸಾವಿನ ಭಯವೂ ದೊಡ್ಡದು. ಜಪಾನಿನ ವೈದ್ಯರು 1970ರ ದಶಕದಲ್ಲಿ ಗುರುತಿಸಿದ ಬಗೆಯಲ್ಲಿ ಹೃದಯದ ತುದಿಯಷ್ಟೇ ದಪ್ಪಗಾಗುತ್ತದೆ, ಇಸಿಜಿಯಲ್ಲಿ ಟಿ ಅಲೆಗಳು ಆಳವಾಗಿ ತಲೆಕೆಳಗಾಗುತ್ತವೆ. ಕೊನೆಯ ಹಂತ ತಲುಪಿದ ಕೆಲವರಲ್ಲಂತೂ ಸ್ನಾಯು ಸತ್ತು ಆ ಜಾಗವನ್ನು ಕಲೆ ತುಂಬಿ, ಗೋಡೆ ತೆಳ್ಳಗಾಗುತ್ತದೆ. ದಪ್ಪವನ್ನಷ್ಟೇ ನೆಚ್ಚಿಕೊಂಡವರಿಗೆ ಅದು ಗುಣವಾದಂತೆ ಕಾಣಬೇಕು, ಆದರೆ ರೋಗ ಉಲ್ಬಣಿಸಿರುತ್ತದೆ. ಇನ್ನು ಫ್ಯಾಬ್ರಿ ಕಾಯಿಲೆಯಲ್ಲಿ ಕೋಶದೊಳಗೆ ಕೊಬ್ಬಿನಂಥ ವಸ್ತು, ಅಮಿಲಾಯ್ಡ್‌ನಲ್ಲಿ ಕೋಶಗಳ ನಡುವೆ ಪ್ರೋಟೀನ್ ತುಂಬಿ ಹೃದಯ ದಪ್ಪಗಾಗುತ್ತದೆ. ಎಕೋದಲ್ಲಿ ಎಲ್ಲವೂ ಒಂದೇ ಥರ ಕಾಣಬಹುದು, ಚಿಕಿತ್ಸೆ ಮಾತ್ರ ಬೇರೆ ಬೇರೆ.

ಬದುಕಿರುವವರ ಹೃದಯದಿಂದ ಚೂರು ತೆಗೆದು ನೋಡುವುದುಂಟೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಎಲ್ಲರಿಗೂ ಅದು ಬೇಕಿಲ್ಲ. ಬಣ್ಣದ್ರವ್ಯ ಕೊಟ್ಟು ಮಾಡುವ ಎಂಆರ್‌ಐ ಕಲೆಯಾದ ಜಾಗಗಳನ್ನು ತೋರಿಸುತ್ತದೆ. ರಕ್ತ ಹೊರಹೋಗುವ ದಾರಿಗೆ ಅಡ್ಡವಾದ ಸ್ನಾಯುವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದಾಗ ಆ ತುಣುಕನ್ನೇ ಪರೀಕ್ಷಿಸಬಹುದು. ಎಂಆರ್‌ಐ ಖರ್ಚು ಜಗಳೂರಿನ ಮಳೆಯಾಶ್ರಿತ ರೈತನಿಗೆ ಹೊರೆ ಎಂಬುದೂ ಸತ್ಯ. ಆದರೆ ಮೊದಲ ಹೆಜ್ಜೆ ಅಷ್ಟು ದುಬಾರಿಯಲ್ಲ. ಒಬ್ಬರಿಗೆ ಕಾಯಿಲೆ ಖಚಿತವಾದರೆ ಅವರ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳಿಗೆ ಇಸಿಜಿ ಮತ್ತು ಎಕೋ ಮಾಡಿಸಬೇಕು, ಏಕೆಂದರೆ ದೋಷ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಶೇಕಡಾ 50. ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇಕಡಾ 4 ಜನ ಎಂವೈಬಿಪಿಸಿ3 ವಂಶವಾಹಿಯಲ್ಲಿ 25 ಅಕ್ಷರಗಳ ಕೊರತೆ ಹೊತ್ತಿದ್ದಾರೆ ಎಂದು 2009ರ ಅಧ್ಯಯನ ತೋರಿಸಿತು. ಹೊತ್ತವರೆಲ್ಲ ರೋಗಿಗಳಾಗುವುದಿಲ್ಲ. ಆದರೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವ ನಮ್ಮಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಒಂದೇ ಮಗುವಿಗೆ ಬರುವ ಸಾಧ್ಯತೆ ಹೆಚ್ಚು, ಆಗ ಕಾಯಿಲೆ ಉಗ್ರವಾಗಬಹುದು.

ಚನ್ನಗಿರಿಯಲ್ಲಾಗಲಿ ನ್ಯಾಮತಿಯಲ್ಲಾಗಲಿ ಪ್ರಾಯದವರೊಬ್ಬರು ಏಕಾಏಕಿ ಕುಸಿದು ತೀರಿಕೊಂಡರೆ ಹಾರ್ಟ್ ಅಟ್ಯಾಕ್ ಎಂದು ಮಾತು ಮುಗಿಯುತ್ತದೆ, ಅಂತ್ಯಕ್ರಿಯೆಯೂ ಬೇಗ ಮುಗಿಯುತ್ತದೆ. ಕುಟುಂಬದ ದುಃಖ ದೊಡ್ಡದು, ಮರಣೋತ್ತರ ಪರೀಕ್ಷೆ ಯಾರಿಗೂ ಇಷ್ಟವಲ್ಲ. ಆದರೂ ಹೃದಯದ ಸ್ನಾಯುವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಉಳಿದ ಅಣ್ಣತಮ್ಮಂದಿರನ್ನು ಕಾಪಾಡುವ ಸುಳಿವು ಸಿಗಬಹುದು. ಮನೆಯಲ್ಲಿ ಇಂಥ ಸಾವು ಆಗಿದ್ದರೆ, ಓಡುವಾಗ ತಲೆಸುತ್ತಿ ಬೀಳುವ ಮಕ್ಕಳಿದ್ದರೆ, ದಾವಣಗೆರೆಗೆ ಹೋಗಿ ಹೃದ್ರೋಗ ತಜ್ಞರಿಗೆ ಮನೆತನದ ಸಾವುಗಳನ್ನು ಮುಚ್ಚಿಡದೆ ಹೇಳಿ.